ಟಾರ್ಗೆಟ್ ಮುಗಿಯದ ದಿನ ಕೇಳೋ ಆಲ್ಬಂ

ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ರೆಪ್. ದಿನದ ಅರ್ಧ ಹೊತ್ತು ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೇ ಕಳೆಯುತ್ತದೆ. ಪೇಷಂಟುಗಳೆಲ್ಲ ಮುಗಿದ ಮೇಲಷ್ಟೇ ನಮ್ಮ ಸರದಿ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಂಪೌಂಡರ್ ಕೂಗಿದರೆ ಕೇಳಲಿ ಅಂತ ಖಾಲಿ. ಹಾಗೆ ಕೂತು ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿರುವುದು 'ರಯಟ್ ಆನ್ ಆ್ಯನ್ ಎಂಪ್ಟಿ ಸ್ಟ್ರೀಟ್'. ಕಿಂಗ್ಸ್ ಆಫ್ ಕನ್ವೀನಿಯೆನ್ಸ್ ಅನ್ನೋ ಜೋಡಿಯ 2004ರ ಆಲ್ಬಂ, 12 ಹಾಡು.

ಮೊದಲ ಹಾಡು 'ಹೋಮ್‌ಸಿಕ್'. ಅದರಲ್ಲಿ ಒಬ್ಬ ಕೆಲಸದ ಮಧ್ಯೆ ಯಾವುದೋ ರೆಕಾರ್ಡ್ ಕೇಳುತ್ತಾ ಕೂತುಬಿಟ್ಟಿದ್ದಾನೆ. ಎರಡು ಮೆತ್ತನೆಯ ದನಿ ಬೆರೆತು ಹಾಡುತ್ತಿವೆ. ಸೇಲ್ಸ್ ಕೈತಪ್ಪುತ್ತದೆ, ಬಾಸ್ ಮುಖ ಸಿಂಡರಿಸುತ್ತಾನೆ, ಎಲ್ಲ ಗೊತ್ತು. ಆದರೂ ನಿಲ್ಲಿಸೋಕೆ ಆಗುತ್ತಿಲ್ಲ. ಮೊದಲ ಸಲ ಇದು ಅರ್ಥವಾದಾಗ ತೊಡೆಯ ಮೇಲಿದ್ದ ಸ್ಯಾಂಪಲ್ ಬ್ಯಾಗು ನೋಡಿಕೊಂಡು ಒಬ್ಬನೇ ನಕ್ಕಿದ್ದೆ. ಪಕ್ಕದ ಅಜ್ಜಿ ಸ್ವಲ್ಪ ಸರಿದು ಕೂತರು.

ಈ ಜೋಡಿ ಅಂದರೆ ಎರ್ಲೆಂಡ್ ಓಯೆ, ಐರಿಕ್ ಗ್ಲಾಂಬೆಕ್ ಬೋ. ಇಬ್ಬರೂ ನಾರ್ವೆಯ ಬರ್ಗೆನ್ ಊರಿನವರು, ಇಬ್ಬರೂ 1975ರಲ್ಲಿ ಹುಟ್ಟಿದವರು, ಶಾಲೆಯ ಕಾಲದಿಂದ ಗೆಳೆಯರು. ಹುಡುಗರಾಗಿದ್ದಾಗ 'ಸ್ಕೋಗ್' ಅಂತ ಒಂದು ಬ್ಯಾಂಡ್‌ನಲ್ಲಿದ್ದರು. ಸ್ಕೋಗ್ ಅಂದರೆ ಅವರ ಭಾಷೆಯಲ್ಲಿ ಕಾಡು. ಅದು ಮುರಿದ ಮೇಲೆ ಉಳಿದದ್ದು ಇವರಿಬ್ಬರು, ಎರಡು ಗಿಟಾರ್. ಬರ್ಗೆನ್‌ನಲ್ಲಿ ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಳೆ. ಮನೆಯೊಳಗೆ ಕೂತು ಸಣ್ಣ ದನಿಯಲ್ಲಿ ಹಾಡೋದು ರೂಢಿಯಾಗಿದ್ದರೆ ಆಶ್ಚರ್ಯವೇನಿಲ್ಲ.

'ಕೇಮನ್ ಐಲ್ಯಾಂಡ್ಸ್' ಒಮ್ಮೆ ಗಮನವಿಟ್ಟು ಕೇಳಿ. ಬೋ ಬಾರಿಸೋದು ನೈಲಾನ್ ತಂತಿ, ಓಯೆ ಬಾರಿಸೋದು ಸ್ಟೀಲ್ ತಂತಿ. ಒಂದು ದುಂಡಗೆ, ಒಂದು ಚೂಪಾಗಿ. ದನಿಗಳೂ ಹಾಗೇ. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಬೆರಳಿಡುತ್ತಾನೆ, ಕಾಲು ತುಳಿಯೋದಿಲ್ಲ. ಪಿಯುಸಿಯಿಂದ ನನಗೂ ಒಬ್ಬ ಗೆಳೆಯ ಇದ್ದಾನೆ. ಒಂದೇ ಬೈಕಿನಲ್ಲಿ ಗದಗಕ್ಕೆ ಹೋಗಿ ಬರುತ್ತೇವೆ, ನಾಲ್ಕು ಮಾತಾಡಿದರೆ ಜಾಸ್ತಿ. ಬೇಜಾರು ಅಂತ ಅಲ್ಲ, ಆಡಬೇಕಾದ್ದು ಇಲ್ಲ ಅಷ್ಟೇ. ಈ ಹಾಡಿನಲ್ಲಿ ನನಗೆ ಕೇಳೋದು ಅದೇ.

ಸಾಹಿತ್ಯ ಇಂಗ್ಲಿಷಿನಲ್ಲಿದೆ, ಆದರೆ ಇಂಗ್ಲಿಷ್ ಕಲಿತವರ ಇಂಗ್ಲಿಷ್. ನನ್ನಂಥವನಿಗೂ ಸಲೀಸಾಗಿ ತಿಳಿಯುತ್ತದೆ.

ಇನ್ನು ತಕರಾರು. ಆರು ಏಳನೇ ಹಾಡಿನ ಹತ್ತಿರ ಎಲ್ಲ ಒಂದೇ ಥರ ಅನ್ನಿಸಿ ಕಣ್ಣು ಎಳೆಯುತ್ತದೆ. ಇನ್ನೇನು ತೂಕಡಿಸಬೇಕು ಅನ್ನುವಾಗ 'ಐಡ್ ರಾದರ್ ಡಾನ್ಸ್ ವಿತ್ ಯೂ' ಬಂದು ಎಬ್ಬಿಸುತ್ತದೆ. ಮಾತು ಸಾಕು, ಕುಣಿಯೋಣ ಬಾ ಅನ್ನೋ ಹಾಡು. ವಿಡಿಯೋದಲ್ಲಿ ದಪ್ಪ ಕನ್ನಡಕದ ಓಯೆ ಪುಟ್ಟ ಹುಡುಗಿಯರಿಗೆ ಬ್ಯಾಲೆ ಹೇಳಿಕೊಡುತ್ತಾನೆ, ಸುಮ್ನೆ ಅದಕ್ಕಾಗಿಯೇ ನೋಡಬಹುದು. ಇನ್ನೊಂದು, ಗದ್ದಲದಲ್ಲಿ ಈ ಆಲ್ಬಂ ಕೇಳಿಸೋದೇ ಇಲ್ಲ. ಕೆಂಪು ಬಸ್ಸಿನಲ್ಲಿ ವಾಲ್ಯೂಮ್ ಎಷ್ಟು ಏರಿಸಿದರೂ ಎಂಜಿನ್ನೇ ಗೆಲ್ಲುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ, ಎಸಿ ಹಾಕಿದ ಚಿಗರಿ ಬಸ್ಸಾದರೆ ಪರವಾಗಿಲ್ಲ.

ಇದಾದ ಮೇಲೆ 2009ರಲ್ಲಿ ಒಂದು ಆಲ್ಬಂ ಬಂತು, ಅದರಲ್ಲಿ ಡ್ರಮ್ಮೇ ಇಲ್ಲ. ಮುಂದಿನದಕ್ಕೆ 2021ರವರೆಗೆ ಕಾಯಬೇಕಾಯಿತು. ಓಯೆ ಅಷ್ಟರಲ್ಲಿ ಇಟಲಿಯ ಸಿರಾಕೂಸಾ ಊರಿಗೆ ಹೋಗಿ ನೆಲೆಸಿದ್ದ, ಬೋ ಬರ್ಗೆನ್‌ನಲ್ಲೇ. 12 ವರ್ಷ ಬಿಟ್ಟು ಕೂತರೂ ದನಿ ಅದೇ ಥರ ಕೂಡುತ್ತದೆ. ಆದರೂ ನನ್ನ ಓಟು 2004ರದ್ದಕ್ಕೇ.

ಅದಕ್ಕೆ ಕಾರಣ ಕೊನೆಯ ಹಾಡು, 'ದ ಬಿಲ್ಡ್ ಅಪ್'. ಅರ್ಧ ಮುಗಿದ ಮೇಲೆ ಕೆನಡಾದ ಗಾಯಕಿ ಫೈಸ್ಟ್ ದನಿ ಬರುತ್ತದೆ. ತಿರುಗೋ ಬುಗುರಿಯ ಸದ್ದು ಕಣಿವೆಯಾಚೆ ಹೋಗೋ ರೈಲಿನಂತೆ ಕೇಳಿ, ಸಣ್ಣಗಾಗಿ, ದಿಬ್ಬ ದಾಟಿ ಹೋಗುತ್ತದೆ. ಎಲ್ಲಿ ಇಳಿಯಬೇಕು ಅನ್ನೋದು ನಿನ್ನ ಟಿಕೆಟಿನ ಮೇಲೇ ಬರೆದಿದೆ ಅಂತ ಹಾಡುತ್ತಾಳೆ. ಮೊನ್ನೆ ಧಾರವಾಡದಿಂದ ಬರುವಾಗ ನನ್ನ ಟಿಕೆಟಿನ ಮೇಲೂ ಬರೆದಿತ್ತು, ವಿದ್ಯಾನಗರ ಅಂತ. ಇಳಿದದ್ದು ಅದನ್ನು ದಾಟಿ, ಹೊಸೂರು ಸ್ಟಾಪಿನಲ್ಲಿ.