ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸಿಗುವುದೇನು? ಮೂರು ಜೋಡಣೆ ಬಳಸಿ ನೋಡಿದ್ದು

ಹೋದ ವಾರ ಮೂಡುಬಿದಿರೆಯಿಂದ ಅತ್ತೆಯ ಮಗ ಫೋನ್ ಮಾಡಿದ್ದ. "ಭಾವಾ, ನನ್ನತ್ರ ಒಂದು 970 ಉಂಟು. ಇನ್ನೊಂದು ಐದು ಸಾವಿರಕ್ಕೆ ಸಿಗ್ತದೆ. ಎರಡೂ ಹಾಕ್ಲಾ?"

ಅವನು ಹೇಳಿದ್ದು ಜಿಟಿಎಕ್ಸ್ 970 ಬಗ್ಗೆ, ಆಟದ ಚಿತ್ರಗಳನ್ನು ಪರದೆಗೆ ಬಿಡಿಸಿಕೊಡುವ ಎನ್‌ವಿಡಿಯಾ ಕಂಪನಿಯ ಹಳೆಯ ಗ್ರಾಫಿಕ್ಸ್ ಕಾರ್ಡ್. ಬೇಡ ಎಂದೆ. ಆದರೆ ಎರಡು ಕಾರ್ಡ್ ಹಾಕುವ ಯೋಚನೆಯೇ ತಪ್ಪು ಎಂದು ಹೇಳಲಿಲ್ಲ. ಸುರತ್ಕಲ್‌ನ ನನ್ನ ಕೋಣೆಯಲ್ಲಿ ಇವತ್ತಿಗೂ ಒಂದೇ ಕ್ಯಾಬಿನೆಟ್‌ನಲ್ಲಿ ಎರಡು ಕಾರ್ಡ್ ಓಡುತ್ತಿವೆ. ಆಗಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಎಂದರೆ, ಆಗ ಎರಡೂ ಒಂದೇ ಕೆಲಸವನ್ನು ಹಂಚಿಕೊಂಡಿದ್ದವು, ಈಗ ಒಂದೊಂದಕ್ಕೂ ಬೇರೆ ಕೆಲಸ.

ಮೊದಲು ಹಳೆಯ ಜೋಡಿಯ ವಿಷಯ. 2018ರ ಮೇ ತಿಂಗಳಲ್ಲಿ, ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಎರಡನೇ ಜಿಟಿಎಕ್ಸ್ 970 ಕೊಂಡೆ, 11 ಸಾವಿರಕ್ಕೆ. ಎಸ್‌ಎಲ್‌ಐ, ಅಂದರೆ ಎರಡು ಕಾರ್ಡ್ ಕೂಡಿ ಒಂದೇ ಆಟ ಓಡಿಸುವ ಎನ್‌ವಿಡಿಯಾದ ವ್ಯವಸ್ಥೆ, ನಡೆಯಬೇಕಾದರೆ ಆ ಕಂಪನಿ ಒಪ್ಪಿದ, ಎರಡೂ ಸ್ಲಾಟ್‌ಗೆ ಎಂಟೆಂಟು ಲೇನ್ (ಮಾಹಿತಿ ಹರಿಯುವ ದಾರಿ) ಕೊಡುವ ಮದರ್‌ಬೋರ್ಡ್ ಬೇಕು. ನನ್ನದು ಅಂಥದೇ ಒಂದು ಝಡ್97 ಬೋರ್ಡ್ ಆದ್ದರಿಂದ ಆ ತೊಂದರೆ ಇರಲಿಲ್ಲ. ಎರಡೂ ಕಾರ್ಡ್ ಕೂರಿಸಿ, ಮೇಲಿನ ಅಂಚಿನಲ್ಲಿ ಎರಡನ್ನೂ ಜೋಡಿಸುವ ಬ್ರಿಡ್ಜ್ ಒತ್ತಿ, ಡ್ರೈವರ್‌ನಲ್ಲಿ ಎಸ್‌ಎಲ್‌ಐ ಆನ್ ಮಾಡಿದ್ದಷ್ಟೇ.

ಮೊದಲ ರಾತ್ರಿ ನಿಜಕ್ಕೂ ಖುಷಿಯಾಯಿತು. ದಿ ವಿಚರ್ 3 ಆಟವನ್ನು 1440ಪಿ ಸ್ಪಷ್ಟತೆಯಲ್ಲಿ ಒಂದೇ 970 ಸುಮಾರು 40 ಎಫ್‌ಪಿಎಸ್‌ಗೆ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಲೆಕ್ಕ) ಎಳೆಯುತ್ತಿತ್ತು. ಜೋಡಿ 70ರ ಹತ್ತಿರ ಬಂತು. ಮರುವರ್ಷ ಅದೇ ಬೋರ್ಡಿಗೆ ಒಂಟಿ ಜಿಟಿಎಕ್ಸ್ 1070 ಹಾಕಿದಾಗ ಅದೇ ಜಾಗದಲ್ಲಿ ಸಿಕ್ಕಿದ್ದು 63, 64. ಅಂಕಿ ನೋಡಿದರೆ ಗೆದ್ದದ್ದು ಹಳೆಯ ಜೋಡಿಯೇ.

ಆದರೆ ಕಣ್ಣಿಗೆ 1070 ಎಷ್ಟೋ ನುಣುಪಾಗಿ ಕಂಡಿತು. ಇದಕ್ಕೆ ಕಾರಣ ಗೊತ್ತಾಗಲು ಎಫ್‌ಪಿಎಸ್ ಬಿಟ್ಟು ಫ್ರೇಮ್‌ಟೈಮ್, ಅಂದರೆ ಒಂದೊಂದು ಫ್ರೇಮ್ ಬರಲು ಹಿಡಿಯುವ ಸಮಯ ನೋಡಬೇಕು. ಎಸ್‌ಎಲ್‌ಐಯಲ್ಲಿ ಕಾರ್ಡ್‌ಗಳು ಸರದಿಯಂತೆ ಕೆಲಸ ಮಾಡುತ್ತವೆ: ಒಂದು ಫ್ರೇಮ್ ಇದು ಬಿಡಿಸಿದರೆ ಮುಂದಿನದು ಅದು. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮ್‌ಗೂ 16.7 ಮಿಲಿಸೆಕೆಂಡ್. ನನ್ನ ಗ್ರಾಫ್‌ನಲ್ಲಿ ಕೆಲವು ಜಾಗಗಳಲ್ಲಿ 9, 24, 9, 25 ಎಂದು ಗರಗಸದ ಹಲ್ಲಿನ ಹಾಗೆ ಗೆರೆ ಬಂದಿತ್ತು. ಸರಾಸರಿ ತೆಗೆದರೆ 60 ಸರಿ, ಕಣ್ಣಿಗೆ 40ರ ಅನುಭವ. ಚೆಂಡೆಯ ಪೆಟ್ಟುಗಳನ್ನು ನಿಮಿಷಕ್ಕೆ ಇಷ್ಟು ಎಂದು ಎಣಿಸಿದರೆ ಲೆಕ್ಕ ಸರಿ ಬಂದೀತು. ಪೆಟ್ಟಿನ ನಡುವಿನ ಅಂತರ ಏರುಪೇರಾದರೆ ತಾಳ ತಪ್ಪಿದ್ದು ಯಕ್ಷಗಾನ ನೋಡಲು ಬಂದ ಮಕ್ಕಳಿಗೂ ಗೊತ್ತಾಗುತ್ತದೆ. ಇದೂ ಹಾಗೆಯೇ. ಮೈಕ್ರೋಸ್ಟಟರ್ ಎಂದು ಇದಕ್ಕೆ ಹೆಸರು. ಒಮ್ಮೆ ಗುರುತಿಸಿದ ಮೇಲೆ ಕಾಣದ ಹಾಗೆ ಆಡಲು ನನ್ನಿಂದ ಆಗಲೇ ಇಲ್ಲ.

ಮೆಮೊರಿಯ ಲೆಕ್ಕವೂ ಹಲವರು ತಿಳಿದ ಹಾಗಿಲ್ಲ. 4 ಜಿಬಿ, 4 ಜಿಬಿ ಸೇರಿ 8 ಆಗುವುದಿಲ್ಲ. ಒಂದೇ ಟೆಕ್ಸ್ಚರ್‌ಗಳನ್ನು (ಆಟದ ವಸ್ತುಗಳ ಮೇಲ್ಮೈಯ ಚಿತ್ರಗಳನ್ನು) ಎರಡೂ ಕಾರ್ಡ್ ತುಂಬಿಕೊಳ್ಳುತ್ತವೆ. 970ರಲ್ಲಂತೂ ಆ 4ರಲ್ಲಿ ಪೂರ್ತಿ ವೇಗದ್ದು 3.5 ಮಾತ್ರ, ಉಳಿದ ಅರ್ಧ ಜಿಬಿ ತೀರಾ ನಿಧಾನ. ರೈಸ್ ಆಫ್ ದ ಟೂಂಬ್ ರೈಡರ್‌ನಲ್ಲಿ ಟೆಕ್ಸ್ಚರ್ ಅನ್ನು ಅತಿ ಎತ್ತರಕ್ಕೆ ಇಟ್ಟರೆ ಜೋಡಿ ಮುಗ್ಗರಿಸುತ್ತಿತ್ತು. 8 ಜಿಬಿಯ 1070 ಅದನ್ನು ಸಲೀಸಾಗಿ ದಾಟಿತು. 2016ರ ಡೂಮ್‌ನಲ್ಲಿ ಎಸ್‌ಎಲ್‌ಐಗೆ ಬೆಂಬಲವೇ ಇಲ್ಲದ್ದರಿಂದ ಎರಡನೇ ಕಾರ್ಡ್ ಇಡೀ ಆಟ ಸುಮ್ಮನೆ ಕೂತಿತ್ತು. ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನು ಬಳಸಿ ಮುಂದಿನದನ್ನು ತಿದ್ದುವ ಕ್ರಮ ಆಗ ಆಟಗಳಲ್ಲಿ ಹೆಚ್ಚುತ್ತಿತ್ತು. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡ್‌ನಲ್ಲಿದ್ದರೆ ಅದನ್ನು ತರಿಸಿಕೊಳ್ಳುವುದರಲ್ಲೇ ಉಳಿಸಿದ ಸಮಯವೆಲ್ಲ ಹೋಗುತ್ತದೆ. ಎಸ್‌ಎಲ್‌ಐ ಸೋತದ್ದು ಮುಖ್ಯವಾಗಿ ಇಲ್ಲಿ ಎಂದು ನನ್ನ ಅಭಿಪ್ರಾಯ.

ಇನ್ನು ಸೆಕೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಕಾರ್ಡ್‌ಗಳ ನಡುವೆ ನನಗೆ ಉಳಿದದ್ದು ಕಿರುಬೆರಳು ತೂರುವಷ್ಟು ಜಾಗ. ಕೆಳಗಿನದು ಉಗುಳಿದ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತಿತ್ತು. ಕೆಳಗಿನದು 70 ಡಿಗ್ರಿ ಇದ್ದರೆ ಮೇಲಿನದು 83 ಮುಟ್ಟಿ ವೇಗ ಇಳಿಸುತ್ತಿತ್ತು. ಜುಲೈಯ ಮಳೆಗೆ ಕಿಟಕಿ ಹಾಕಿಕೊಂಡು ಆಡಿದರೆ ಅರ್ಧ ಗಂಟೆಗೆ ಬನಿಯನ್ ಒದ್ದೆ. ಸಮುದ್ರದ ಉಪ್ಪುಗಾಳಿಗೆ ಸ್ಲಾಟಿನ ತಗಡು, ಸ್ಕ್ರೂಗಳಿಗೆ ತುಕ್ಕು ಹಿಡಿಯುವುದು ಬೇರೆ. ಫ್ಯಾನ್ ಜೋರಾಗಿ ಎಳೆದಷ್ಟೂ ಆ ಗಾಳಿ ಒಳಗೆ ಜಾಸ್ತಿ.

ಕರೆಂಟಿನ ಮಾತಿಗೆ ಬಂದರೆ, 970 ಒಂದಕ್ಕೆ 145 ವಾಟ್, 1070ಕ್ಕೆ 150. ಅಂದರೆ ಒಂದು ಹಳೆಯ ಕಾರ್ಡಿನ ಖರ್ಚಿನಲ್ಲೇ ಹೊಸದು ಜೋಡಿಯ ಹತ್ತಿರದ ಕೆಲಸ ಮಾಡುತ್ತದೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದಾಗ ಜೋಡಿಯಿದ್ದ ಕಂಪ್ಯೂಟರ್ ಆಟದ ಹೊತ್ತಿಗೆ 410 ವಾಟ್ ಆಸುಪಾಸು, 1070 ಇದ್ದಾಗ 260. ನಮ್ಮ ಮನೆಯ ಯುಪಿಎಸ್ 600 ವಿಎಯದು, ತಡೆಯುವುದು 360 ವಾಟ್. ಮಳೆಗಾಲದಲ್ಲಿ ಮೆಸ್ಕಾಂ ಲೈನ್ ಹೋದ ತಕ್ಷಣ ಜೋಡಿಯ ಭಾರಕ್ಕೆ ಯುಪಿಎಸ್ ಕಿರುಚಿ ಎಲ್ಲವೂ ಆಫ್. ಒಂದು ಸಲ ಎರಡು ಗಂಟೆಯ ಸೇವ್ ಫೈಲ್ ಹಾಗೆಯೇ ಹಾಳಾಯಿತು. 1070 ಬಂದ ಮೇಲೆ ಲೈನ್ ಹೋದರೂ ಸೇವ್ ಮಾಡಿ ಎದ್ದೇಳುವಷ್ಟು ಸಮಯ ಸಿಗುತ್ತಿತ್ತು.

ಎನ್‌ವಿಡಿಯಾವೇ 2021ರ ಜನವರಿ 1ರಿಂದ ಹಳೆಯ ಕಾರ್ಡ್‌ಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಆಟಕ್ಕೂ ಡ್ರೈವರ್‌ನಲ್ಲಿ ಬೇಕಾದ ಹೊಂದಿಕೆ) ಸೇರಿಸುವುದನ್ನು ನಿಲ್ಲಿಸಿತು. ಆರ್‌ಟಿಎಕ್ಸ್ 30 ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಜೋಡಿಸುವ ಕನೆಕ್ಟರ್ ಇತ್ತು, ಮುಂದಿನ ಪೀಳಿಗೆಯ 4090ರಲ್ಲಿ ಅದೂ ಇಲ್ಲ.

ಇಷ್ಟಾದ ಮೇಲೂ ನನ್ನ ಕ್ಯಾಬಿನೆಟ್‌ನಲ್ಲಿ ಎರಡು ಕಾರ್ಡ್ ಇರುವುದಕ್ಕೆ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಸಣ್ಣ ತಂತ್ರಾಂಶ ಕಾರಣ. ಆಟ ಕೊಟ್ಟ ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ತಾನೇ ರಚಿಸಿ ಇಡುತ್ತದೆ. ಆ ರಚನೆಯ ಕೆಲಸವನ್ನು ಇನ್ನೊಂದು ಕಾರ್ಡಿಗೆ ಒಪ್ಪಿಸಬಹುದು. ಈಗಿನ ನನ್ನ ಬಿ550 ಬೋರ್ಡಿನಲ್ಲಿ ಆಟ ಓಡಿಸುವುದು 12 ಜಿಬಿಯ ಆರ್‌ಟಿಎಕ್ಸ್ 3060. ಒಂದೇ ಕಾರ್ಡಿಗೆ ಎರಡೂ ಕೆಲಸ ಹೊರಿಸಿದರೆ ಮೂಲ ಫ್ರೇಮ್‌ಗಳೇ 60ರಿಂದ 50ಕ್ಕೆ ಇಳಿಯುತ್ತವೆ. ಎರಡನೇ ಕಾರ್ಡಿಗೆ ಬಿಟ್ಟರೆ 60 ಅಲುಗುವುದಿಲ್ಲ, ಪರದೆಗೆ 120 ಬರುತ್ತದೆ. ಇಲ್ಲಿ ಬ್ರಿಡ್ಜ್ ಬೇಡ, ಎರಡೂ ಒಂದೇ ಮಾದರಿಯವು ಆಗಬೇಕೆಂದಿಲ್ಲ, ಒಂದೇ ಕಂಪನಿಯವೂ ಆಗಬೇಕಿಲ್ಲ.

ಮೊದಲು ಹಳೆಯ 1070 ಅನ್ನೇ ಎರಡನೆಯದಾಗಿ ಹಾಕಿದೆ. 1440ಪಿಯಲ್ಲಿ ಅದರ ಲೋಡ್ 90 ದಾಟಿ ಆಗಾಗ ತಡವರಿಸಿತು. ಆ ಪೀಳಿಗೆಯ ಕಾರ್ಡ್ ಈ ಕೆಲಸಕ್ಕೆ ಬೇಕಾದ 16 ಬಿಟ್ ಲೆಕ್ಕದಲ್ಲಿ ಬಹಳ ದುರ್ಬಲ: 32 ಬಿಟ್‌ನ ವೇಗದ 64ನೇ ಒಂದು ಭಾಗ ಮಾತ್ರ. ಅದನ್ನು ಮಾರಿ ಸೆಕೆಂಡ್‌ಹ್ಯಾಂಡ್ ಎಎಂಡಿ ಆರ್‌ಎಕ್ಸ್ 6600 ತಂದೆ, ಅಲ್ಲಿಂದ ಮುಂದೆ ತೊಂದರೆಯಿಲ್ಲ. ಒಂದು ಮಾತು ನೆನಪಿಡಿ: ಮಾನಿಟರ್ ಕೇಬಲ್ ಎರಡನೇ ಕಾರ್ಡಿಗೆ ಹಾಕಬೇಕು, ಆಟಕ್ಕೆ ಮೊದಲನೆಯದನ್ನು ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆರಿಸಬೇಕು. ಕೇಬಲ್ ಮೊದಲನೆಯದರಲ್ಲೇ ಇದ್ದರೆ ರಚಿಸಿದ ಫ್ರೇಮ್ ಮತ್ತೆ ಹಿಂದಕ್ಕೆ ಪ್ರಯಾಣ ಮಾಡಿ ಲಾಭವೆಲ್ಲ ಹೋಗುತ್ತದೆ.

ಕೊರತೆ ಇದಕ್ಕೂ ಉಂಟು. ರಚಿಸಿದ ಫ್ರೇಮ್‌ನಲ್ಲಿ ಪಾತ್ರದ ಅಂಚು, ಮೂಲೆಯ ಮ್ಯಾಪ್ ಸ್ವಲ್ಪ ಕದಡಿದಂತೆ ಕಾಣುತ್ತವೆ. ಮೌಸ್‌ಗೆ ಸ್ಪಂದನ ತುಸು ತಡ. ಶೂಟಿಂಗ್ ಆಟಗಳಿಗೆ ನಾನು ಅದನ್ನು ಆಫ್ ಮಾಡುತ್ತೇನೆ. ಕುದುರೆ ಹತ್ತಿ ಬಯಲಲ್ಲಿ ಸುತ್ತುವ ಆಟಗಳಿಗೆ ಇದಕ್ಕಿಂತ ಒಳ್ಳೆಯದು ನನ್ನ ಬಜೆಟ್ಟಿನಲ್ಲಿ ಸಿಕ್ಕಿಲ್ಲ.

ಖರ್ಚಿನಲ್ಲೂ ಇದು ಹಗುರ. ಫ್ರೇಮ್ ರಚಿಸುವಾಗ 6600 ಎಳೆಯುವುದು ಸುಮಾರು 65 ವಾಟ್. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 8 ಯುನಿಟ್. ಎರಡನೇ 970 ಆಗಿದ್ದರೆ 17 ಯುನಿಟ್ ದಾಟುತ್ತಿತ್ತು. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 2022-23ರ ಸರಾಸರಿಯ ಮೇಲೆ ಶೇ 10 ಮಾತ್ರ. ಸರಾಸರಿ 120 ಇದ್ದ ಮನೆಗೆ 12 ಯುನಿಟ್‌ನ ಸಡಿಲ. 8 ಅದರೊಳಗೆ ಹಿಡಿಸುತ್ತದೆ, 17 ಹಿಡಿಸುವುದಿಲ್ಲ.

ಅತ್ತೆಯ ಮಗನಿಗೆ ಹೇಳಿದ್ದು ಇಷ್ಟು: ಆ ಐದು ಸಾವಿರ ಹಾಗೆಯೇ ಇಡು, ಇದ್ದ 970 ಮಾರು, ಎರಡನ್ನೂ ಕೂಡಿಸಿ ಮೊದಲು ಒಂದು ಒಳ್ಳೆಯ ಕಾರ್ಡ್ ತೆಗೆ. ಎರಡನೆಯದರ ಮಾತು ಆಮೇಲೆ. ಅಗ್ಗದ ಎಷ್ಟೋ ಬೋರ್ಡ್‌ಗಳಲ್ಲಿ ಕೆಳಗಿನ ಸ್ಲಾಟ್ ನೋಡಲು ಉದ್ದವಿದ್ದರೂ ಒಳಗೆ ಲೇನ್ ಕಡಿಮೆ. ಮದರ್‌ಬೋರ್ಡಿನ ಫೋಟೋ ಕಳಿಸು ಎಂದಿದ್ದೇನೆ, ಇನ್ನೂ ಬಂದಿಲ್ಲ.