ಮುಂದಿನ ಡೋಜರೋ, ಹಿಂದಿನ ಬ್ಲೇಡೋ: ದಾರಿಯಲ್ಲಿ ಯಾವುದು ವಾಸಿ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಇಳಿದ ಮೇಲೆ ಮುಧೋಳ ತಾಲ್ಲೂಕಿನ ನಮ್ಮ ಹೊಳೆದಂಡೆಯ ಹೊಲದಲ್ಲಿ ಒಂದು ಮೂಲೆಗೆ ಮರಳಿನ ದಿಬ್ಬ, ಇನ್ನೊಂದು ಮೂಲೆಗೆ ಗುಂಡಿ ಉಳಿದಿತ್ತು. ಸಮ ಮಾಡಲು ಟ್ರ್ಯಾಕ್ಟರಿನ ಮುಂಭಾಗಕ್ಕೆ ಡೋಜರ್, ಅಂದರೆ ಮಣ್ಣು ತಳ್ಳುವ ಅಗಲವಾದ ಉಕ್ಕಿನ ಹಲಗೆ, ಕೂರಿಸಿದೆ. ಎರಡು ವರ್ಷದ ಬಳಿಕ ಅದನ್ನು ಬಿಚ್ಚಿಸಿ, ಹಿಂದೆ ಹೈಡ್ರಾಲಿಕ್ ತೋಳಿಗೆ ಸಿಕ್ಕಿಸಿ ಮಣ್ಣು ಎಳೆಯುವ ಬ್ಲೇಡ್ ತಂದೆ. ಹೊಲದ ಕೆಲಸವಷ್ಟನ್ನೇ ಕೇಳಿದರೆ ಡೋಜರಿಗೆ ಸಾಟಿಯಿಲ್ಲ, ಅದರಲ್ಲಿ ವಾದವೇ ಬೇಡ. ಆದರೆ ನನ್ನ ಇನ್ನೊಂದು ಹೊಲ ಊರಿನಿಂದ ಒಂಬತ್ತು ಕಿಲೋಮೀಟರ್ ದೂರ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹೋಲಿಸಬೇಕಾದದ್ದು ಆ ಒಂಬತ್ತು ಕಿಲೋಮೀಟರನ್ನು.

ಡೋಜರಿನ ಮೊದಲ ಪಾಠ ಕತ್ತಲಲ್ಲಿ ಸಿಕ್ಕಿತು. ರಸ್ತೆಯ ಉಬ್ಬುಗಳಿಗೆ ತಾಗದಿರಲೆಂದು ಪೂರ್ತಿ ಎತ್ತಿಕೊಂಡು ಮನೆಗೆ ಹೊರಟಿದ್ದೆ. ಹೆಡ್‌ಲೈಟಿನ ಬೆಳಕೆಲ್ಲ ಡೋಜರಿನ ಬೆನ್ನಿಗೆ ಬಡಿದು ಅದರ ಹಳದಿ ಬಣ್ಣ ನನ್ನ ಕಣ್ಣಿಗೇ ರಾಚುತ್ತಿತ್ತು. ರಸ್ತೆ ಮಾತ್ರ ಹಾಳುಬಾವಿಯಂತೆ ಕಪ್ಪು. ಎದುರಿಗೆ ಬಂದ ಬೈಕಿನ ಹುಡುಗ ತಟ್ಟನೆ ಪಕ್ಕಕ್ಕೆ ಸರಿದು, “ಕಾಕಾ, ಲೈಟೇ ಇಲ್ಲದೆ ಹೊರಟಿದ್ದೀರಲ್ಲ!” ಎಂದು ಕೂಗಿದ. ಲೈಟು ಉರಿಯುತ್ತಲೇ ಇತ್ತು.

ಮರುದಿನ ತೀರಾ ಇಳಿಸಿಕೊಂಡು ಹೋದೆ. ಉಬ್ಬು ಹತ್ತಿ ಇಳಿಯುವಾಗ ಅಂಚು ಡಾಂಬರಿಗೆ ಉಜ್ಜಿ ಕಿಡಿ ಹಾರಿತು. ಹಗಲಲ್ಲಿ ಎತ್ತಿದರೇನು ಎಂದುಕೊಂಡರೆ, ರೇಡಿಯೇಟರಿಗೆ ಗಾಳಿ ತಪ್ಪಿ ಬಿಸಿಯ ಮುಳ್ಳು ಕೆಂಪಿನತ್ತ ಹೊರಳಿತು. ಕೊನೆಗೆ ಬೆಳಕು ಅಂಚಿನ ಮೇಲಿಂದ ದಾಟುವಂತೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ, ಆ ಮಟ್ಟಕ್ಕೆ ಡೋಜರಿನ ತೋಳಿನ ಮೇಲೆ ಸುಣ್ಣದ ಗೆರೆ ಎಳೆದೆ. ತಂಗಿಯ ಮಗ ಗಡಿ ರಸ್ತೆ ಸಂಸ್ಥೆಯಲ್ಲಿ ಚಾಲಕನಾಗಿದ್ದು ಕಾಶ್ಮೀರ-ಲಡಾಖ್ ನಡುವಿನ ಜೋಜಿಲಾ ಕಣಿವೆದಾರಿಯಲ್ಲಿ ಹಿಮ ಸರಿಸಿ ಬಂದವನು. ಗೆರೆ ನೋಡಿ ನಕ್ಕ. ಹಿಮದ ಬ್ಲೇಡಿಗೂ ಇದೇ ಲೆಕ್ಕವಂತೆ: ಬೆಳಕಿಗೂ ಗಾಳಿಗೂ ಅಡ್ಡ ಬರಬಾರದು, ನೆಲವನ್ನೂ ಕೆರೆಯಬಾರದು.

ಎತ್ತರ ಸರಿಹೋಯಿತು, ಬ್ರೇಕ್ ಸರಿಹೋಗಲಿಲ್ಲ. ನನ್ನ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಡೋಜರ್ ಭಾರವನ್ನೆಲ್ಲ ಮುಂದಕ್ಕೆ ಎಳೆದುಕೊಂಡರೆ ಆ ಗಾಲಿಗಳು ನೆಲ ಕಚ್ಚುವುದಿಲ್ಲ. ಒಮ್ಮೆ ಕಬ್ಬಿನ ಟ್ರೇಲರ್ ಎದುರಿಗೆ ಗಕ್ಕನೆ ನಿಂತಾಗ ಬ್ರೇಕ್ ಒತ್ತಿದೆ. ಗಾಲಿಗಳು ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ರಸ್ತೆಯ ಮೇಲೆ ಬಿದ್ದಿದ್ದ ರವದಿಯ (ಕಬ್ಬಿನ ಒಣಗರಿಯ) ಮೇಲೆ ಜಾರಿ, ಟ್ರೇಲರಿಗೆ ಎರಡು ಮಾರು ಉಳಿದಿರುವಾಗ ನಿಂತಿತು. ಆಮೇಲೆ ಹಿಂದಿನ ಟೈರುಗಳಿಗೆ ಮುಕ್ಕಾಲು ಪಾಲು ನೀರು ತುಂಬಿಸಿದೆ, ಮಣ್ಣು ಪುಡಿಮಾಡುವ ರೋಟಾವೇಟರನ್ನು ಎದುರುಭಾರವಾಗಿ ಹಿಂದೆ ಎತ್ತಿಕೊಂಡೆ. ಗಣನೀಯವಾಗಿ ಸುಧಾರಿಸಿತು. ಆದರೆ ಮುಂದೊಂದು ಹಿಂದೊಂದು ಹೊತ್ತು ಸಂತೆಯ ದಿನ ಊರ ನಡುವೆ ಹೊರಳುವುದು ಮದುವೆ ಮನೆಯಲ್ಲಿ ಏಣಿ ಹೊತ್ತು ತಿರುಗಿದಂತೆ.

ಹಿಂದಿನ ಬ್ಲೇಡಿನಲ್ಲಿ ಬೆಳಕು, ಗಾಳಿ, ಬ್ರೇಕು, ಮೂರರ ಚಿಂತೆಯೂ ಇಲ್ಲ. ಬೆಲೆಯೂ ಡೋಜರಿನ ಕಾಲುಭಾಗ ಮುಟ್ಟಲಿಲ್ಲ. ತೊಂದರೆ ಬೇರೆ ಬಗೆಯದು: ಕಣ್ಣಿಗೆ ಕಾಣುವುದಿಲ್ಲ. ಬಲಕ್ಕೆ ಹೊರಳಿದರೆ ಅದು ಎಡಕ್ಕೆ ಬೀಸುತ್ತದೆ. ಮೊದಲ ವಾರವೇ ಚಹಾ ಅಂಗಡಿಯ ಚಪ್ಪರದ ಕಂಬ ಹೋಯಿತು, ಕಂಬದ ಹಣ ಕೊಟ್ಟೆ. ಏರು ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಬಂಪರಿಗೆ ತೂಕದ ಬಿಲ್ಲೆ ಹಾಕಿಸಿದ ಮೇಲೆ ಕೇಳತೊಡಗಿತು. ಹಳೆಯ ಹೈಡ್ರಾಲಿಕ್ ಮೆಲ್ಲಗೆ ಕುಸಿಯುತ್ತದೆ, ಅದಕ್ಕೆ ರಸ್ತೆಗಿಳಿಯುವ ಮೊದಲು ಸರಪಳಿ ಬಿಗಿಯುತ್ತೇನೆ. ಅಂಚುಗಳಿಗೆ ಕೆಂಪು ಬಟ್ಟೆ, ರಾತ್ರಿಗೆ ಪ್ರತಿಫಲಿಸುವ ಪಟ್ಟಿ.

ಬ್ಲೇಡನ್ನು ಟ್ರೇಲರಿನಲ್ಲಿ ಹೇರಿ ಒಯ್ಯುವುದು ಎಲ್ಲಕ್ಕಿಂತ ಸುರಕ್ಷಿತ, ನಿಜ. ಏರಿಸಲು ಇಳಿಸಲು ನಾಲ್ಕು ಜನ ಬೇಕು. ಕಬ್ಬು ಕಡಿಯುವ ಕಾಲದಲ್ಲಿ ನಾಲ್ಕು ಜನರನ್ನು ಹುಡುಕಿ ತೋರಿಸಿ.

ಎರಡಕ್ಕೂ ತಪ್ಪದ ಎರಡು ಕೆಲಸಗಳಿವೆ. ಟ್ರ್ಯಾಕ್ಟರಿನ ಎಡ, ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಹೊರಳಲು ಬಿಡಿಸಿದ್ದ ಆ ಪೆಡಲುಗಳ ನಡುವಿನ ಕೊಂಡಿಯನ್ನು ರಸ್ತೆಗೆ ಬರುವ ಮೊದಲು ಹಾಕಬೇಕು; ಒಂದೇ ಪೆಡಲ್ ಒತ್ತಿದರೆ ವೇಗದಲ್ಲಿ ಟ್ರ್ಯಾಕ್ಟರ್ ಒಂದು ಬದಿಗೆ ಎಳೆದು ಉರುಳಬಹುದು. ಚಹಾಕ್ಕೆ ನಿಂತರೂ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿಯೇ ಇಳಿಯಬೇಕು, ಏಕೆಂದರೆ ಎತ್ತಿದ ಬ್ಲೇಡಿನ ಕೆಳಗೆ ನೆರಳು ಕಂಡರೆ ಮಕ್ಕಳು ಕೂರುತ್ತವೆ.

ಡೋಜರ್ ಈಗ ಅಣ್ಣನ ಟ್ರ್ಯಾಕ್ಟರಿನಲ್ಲಿದೆ. ಅವನ ಹೊಲ ಮನೆಯ ಹಿತ್ತಿಲಿಗೆ ಹೊಂದಿಕೊಂಡಿದೆ. ಸುಣ್ಣದ ಗೆರೆಯನ್ನು ಅವನು ಇನ್ನೂ ಅಳಿಸಿಲ್ಲ.