ಡಿಟೂರ್, ಡಿಕಾಯ್, ನ್ಯಾರೋ ಮಾರ್ಜಿನ್: ಮೊದ್ಲು ಯಾವ್ದು ನೋಡ್ಬೇಕು?

ಕಮ್ಮಿ ದುಡ್ಡಲ್ಲಿ ತೆಗ್ದ ಹಳೇ ಬ್ಲ್ಯಾಕ್ ಅಂಡ್ ವೈಟ್ ಕ್ರೈಮ್ ಪಿಕ್ಚರ್‌ಗಳು ಅಂದ್ರೆ ನಂಗೆ ಪ್ರಾಣ. ಎಲ್ಲಿಂದ ಶುರು ಮಾಡ್ಲಿ ಅಂತ ಫ್ರೆಂಡ್ಸ್ ಕೇಳ್ತಾನೇ ಇರ್ತಾರೆ, ಅದಕ್ಕೆ ಹೋದ ವಾರ ಮೂರು ರಾತ್ರಿ ಕೂತು ಮೂರನ್ನೂ ಮತ್ತೆ ನೋಡ್ದೆ: 1945ರ ಡಿಟೂರ್, 1946ರ ಡಿಕಾಯ್, 1952ರ ದಿ ನ್ಯಾರೋ ಮಾರ್ಜಿನ್. ಮೂರೂ ಅಮೆರಿಕದವು, ಒಂದೂ 80 ನಿಮಿಷ ದಾಟಲ್ಲ.

ಡಿಟೆಕ್ಟಿವ್ ಕಥೆನೇ ಬೇಕು ಅನ್ನೋರಿಗೆ ನ್ಯಾರೋ ಮಾರ್ಜಿನ್. ಗ್ಯಾಂಗ್‌ಸ್ಟರ್ ಒಬ್ಬನ ವಿಧವೆನ ಸಾಕ್ಷಿ ಹೇಳ್ಸೋಕೆ ಚಿಕಾಗೋದಿಂದ ಲಾಸ್ ಏಂಜಲೀಸ್‌ಗೆ ರೈಲಲ್ಲಿ ಕರ್ಕೊಂಡ್ ಹೋಗ್ಬೇಕು, ಡಿಟೆಕ್ಟಿವ್ ಆಗಿ ಚಾರ್ಲ್ಸ್ ಮೆಕ್‌ಗ್ರಾ, ಆ ಹೆಂಗಸಾಗಿ ಮೇರಿ ವಿಂಡ್ಸರ್. ಸೆಟ್ ಅಲ್ಲಾಡ್ಸೋಕೆ ಖರ್ಚು ಅಂತ ಅದನ್ನ ನೆಲಕ್ಕೆ ಬಿಗ್ದು ಕ್ಯಾಮೆರಾನೇ ಕೈಯಲ್ಲಿ ಹಿಡ್ದು ತೂಗಾಡ್ಸಿದಾರೆ, ಹಿನ್ನೆಲೆ ಸಂಗೀತದ ಬದ್ಲು ಬರೀ ರೈಲಿನ ಸದ್ದು, ವಿಂಡ್ಸರ್ ಉಗುರು ಉಜ್ಜೋದ್ರಿಂದ ನೇರ ರೈಲಿನ ಚಕ್ರಕ್ಕೆ ಹೋಗೋ ಒಂದು ಕಟ್ ಇದೆ, ನಾನು ಹಿಂದಕ್ಕೆ ಹಾಕಿ ಹಾಕಿ ನೋಡ್ದೆ. ಕೆಲಸ ಅಂತ ನೋಡಿದ್ರೆ ಮೂರರಲ್ಲಿ ಇದೇ ಅಚ್ಚುಕಟ್ಟು.

ಡಿಕಾಯ್ ಕಥೆ ಹುಚ್ಚು. ಗ್ಯಾಸ್ ಚೇಂಬರಲ್ಲಿ ಸತ್ತವನನ್ನ ಮೆಥಿಲೀನ್ ಬ್ಲೂ ಅನ್ನೋ ಔಷಧಿ ಕೊಟ್ಟು ಬದುಕ್ಸ್ತಾರೆ, ಯಾಕೆ ಅಂದ್ರೆ ಹೂತಿಟ್ಟ 4 ಲಕ್ಷ ಡಾಲರ್ ಎಲ್ಲಿದೆ ಅಂತ ಅವನೊಬ್ಬನಿಗೇ ಗೊತ್ತು. ಆ ದುಡ್ಡಿನ ಹಿಂದೆ ಬಿದ್ದಿರೋಳು ಮಾರ್ಗೋ, ಜೀನ್ ಗಿಲ್ಲಿ ಮಾಡಿರೋ ಪಾತ್ರ, ಕರುಣೆ ಅಂದ್ರೇನು ಅಂತಾನೇ ಗೊತ್ತಿಲ್ದೋಳು, ಅವಳ ನಗು ಕೇಳಿದ್ರೆ ಮೈ ಜುಮ್ ಅನ್ನತ್ತೆ. ಅವಳಿಲ್ಲದ ಸೀನ್‌ಗಳು ಮಾತ್ರ ಎಳೀತವೆ.

ಆದ್ರೆ ಮೊದ್ಲು ನೋಡ್ಬೇಕಾದ್ದು ಡಿಟೂರ್. ಅಂದಹಾಗೆ ನ್ಯಾರೋ ಮಾರ್ಜಿನ್ ಕಥೆಗೆ ಆಸ್ಕರ್ ನಾಮಿನೇಷನ್ ಸಿಕ್ಕ ಇಬ್ಬರಲ್ಲಿ ಒಬ್ಬ ಮಾರ್ಟಿನ್ ಗೋಲ್ಡ್‌ಸ್ಮಿತ್, ಡಿಟೂರ್ ಬರ್ದೋನೂ ಅವನೇ. ನ್ಯೂಯಾರ್ಕಿನ ಪಿಯಾನೋ ನುಡಿಸೋ ಹುಡುಗ ಲಿಫ್ಟ್ ಕೇಳ್ಕೊಂಡು ಲಾಸ್ ಏಂಜಲೀಸ್‌ಗೆ ಹೊರಡ್ತಾನೆ, ಲಿಫ್ಟ್ ಕೊಟ್ಟೋನು ದಾರೀಲೇ ಸಾಯ್ತಾನೆ, ಇವ್ನು ಹೆದ್ರಿ ಅವನ ಕಾರು ಹೆಸರು ಎರಡೂ ತಗೋತಾನೆ. ಡೈರೆಕ್ಟರ್ ಎಡ್ಗರ್ ಉಲ್ಮರ್ ಹತ್ರ ಊರು ಬೀದಿ ತೋರ್ಸೋಕೆ ದುಡ್ಡಿಲ್ಲ, ಮಂಜು ತುಂಬ್ಸಿ ಅದೇ ನ್ಯೂಯಾರ್ಕ್ ಅಂತಾನೆ, ನಾವೂ ಒಪ್ಕೋತೀವಿ. ಕೆಲವು ಶಾಟ್‌ನಲ್ಲಿ ಫಿಲ್ಮನ್ನೇ ಎಡ-ಬಲ ತಿರುಗ್ಸಿ ಹಾಕಿದಾರೆ, ಪಶ್ಚಿಮಕ್ಕೆ ಹೋಗ್ತಿದಾನೆ ಅಂತ ಕಾಣ್ಲಿ ಅಂತ, ಅದ್ರಿಂದ ಅಲ್ಲಿ ಎಡಗಡೆ ಇರ್ಬೇಕಾದ ಸ್ಟೀರಿಂಗ್ ಬಲಗಡೆ ಬಂದಿದೆ. ನಮ್ಮಲ್ಲೂ ಬಲಗಡೆನೇ ಇರೋದ್ರಿಂದ ಮೊದಲ ಸಲ ನಂಗೆ ಗೊತ್ತೇ ಆಗ್ಲಿಲ್ಲ!

ಆಮೇಲೆ ಆನ್ ಸ್ಯಾವೇಜ್ ಕಾರು ಹತ್ತುತ್ತಾಳೆ, ವೀರಾ ಆಗಿ. ಕೆದರಿದ ಕೂದ್ಲು, ಕೆಮ್ಮು, ಒಂಚೂರೂ ಸಿಂಗಾರ ಇಲ್ಲ. ಮಲಗಿದ್ದೋಳು ಥಟ್ಟನೆ ಕಣ್ಬಿಟ್ಟು ಕಾರಿನ ನಿಜವಾದ ಯಜಮಾನನ ಹೆಣ ಎಲ್ಲಿ ಬಿಟ್ಟೆ ಅಂತ ಕೇಳ್ತಾಳೆ. ಈ ಪಿಕ್ಚರಲ್ಲಿ ಪತ್ತೇದಾರ ಅಂತ ಬೇರೆ ಯಾರೂ ಬೇಕಾಗಿಲ್ಲ, ಅವಳೇ ಸಾಕು. ವಿಂಡ್ಸರ್, ಗಿಲ್ಲಿ ಇಬ್ಬರನ್ನೂ ಎದುರಿಗೆ ಕೂತು ನೋಡ್ತೀವಿ, ವೀರಾ ಮಾತ್ರ ನಮ್ಮ ಪಕ್ಕದ ಸೀಟಲ್ಲೇ ಕೂತಂಗಿರತ್ತೆ.

ಒಂದೇ ಮಾತು, ನೆಟ್ಟಲ್ಲಿ ಓಡಾಡ್ತಿರೋ ಡಿಟೂರ್‌ನ ಮಸುಕು ಕಾಪಿ ನೋಡ್ಬೇಡಿ, ಮಂಜು ಯಾವ್ದು ಗೀರು ಯಾವ್ದು ತಿಳಿಯಲ್ಲ. 2018ರಲ್ಲಿ ರಿಸ್ಟೋರ್ ಮಾಡಿರೋ ಪ್ರಿಂಟ್ ಹುಡ್ಕಿ, ಅದ್ರಲ್ಲಿ ಆ ಕಣ್ಣು ಬಿಡೋ ಶಾಟ್ ನೋಡಿ.